ಈಶಾನ್ಯ ಮೂಲೆಯ ಗುಂಡಿ

ಹೊಟ್ಟೆಕಿಚ್ಚು ಪಡುವವನಿಗೆ ತನಗೆ ಹೊಟ್ಟೆಕಿಚ್ಚಿದೆ ಎಂಬುದೊಂದು ಮಾತ್ರ ಗೊತ್ತಿರುವುದಿಲ್ಲ. ತಾನು ನ್ಯಾಯವಾಗಿ ಸಿಟ್ಟಾಗಿದ್ದೇನೆ ಎಂದೇ ಅವನ ನಂಬಿಕೆ. ಬಿಂದುಮಾಧವನ ನಂಬಿಕೆಯೂ ಅದೇ ಆಗಿತ್ತು. ರಘುರಾಮನ ಮೇಲೆ ತನಗೇನೂ ದ್ವೇಷವಿಲ್ಲ, ಆದರೆ ತನ್ನ ಹೆಂಡತಿ ಇಂದೂಳನ್ನು ಆ ಮನುಷ್ಯ 'ವೈನಿ' ಎಂದು ಕರೆಯುವುದಿಲ್ಲವಲ್ಲ, ಅದೊಂದು ಸರಿಯಲ್ಲ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸೈಟಿನ ಇಂಜಿನಿಯರು ವೈನಿ ಎನ್ನುತ್ತಿದ್ದ. ಸಿಮೆಂಟಿನ ಅಂಗಡಿಯವನು ವೈನಿ ಎನ್ನುತ್ತಿದ್ದ. ಬ್ಯಾಂಕಿನ ಮರಾಠಿ ಮ್ಯಾನೇಜರು ಕೂಡ ವಹಿನಿ ಎನ್ನುತ್ತಿದ್ದರು. ಈ ರಘುರಾಮನೊಬ್ಬ ಮಾತ್ರ 'ಇಂದೂ ಅವರ' ಎನ್ನುತ್ತಿದ್ದ. ವೈನಿ ಎಂದರೆ ಅಣ್ಣನ ಹೆಂಡತಿ. ಹಾಗೆ ಕರೆಯಲು ಬಾಯಿ ಬಾರದವನ ಮನಸ್ಸಿನಲ್ಲಿ ಮತ್ತೇನಿರಬೇಕು?

ರಘುರಾಮನ ಮನಸ್ಸಿನಲ್ಲಿ ಇದ್ದದ್ದು ಕರಾರುಪತ್ರಗಳು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಬಿಂದುಮಾಧವ ಧಾರವಾಡದವನು, ಪುಣೆಯಲ್ಲಿ ಕಟ್ಟಡದ ಗುತ್ತಿಗೆ ಹಿಡಿದು ನಾಲ್ಕು ಜನರ ಬಾಯಲ್ಲಿ ಒಳ್ಳೆಯವನೆನಿಸಿಕೊಂಡವನು. ಕಂಪನಿಯಲ್ಲಿ ಅವನೂ ಇಂದೂನೂ ಸಮಪಾಲುದಾರರು. ಸೈಟು ಅವನದು, ಕಾಗದಪತ್ರ ಅವಳದು. ಕುರಕುಂಭದ ಕೆಲಸ ಬರುವವರೆಗೆ ಈ ಏರ್ಪಾಡು ಚೆನ್ನಾಗಿಯೇ ನಡೆದಿತ್ತು. ಅಲ್ಲಿ ಒಂದು ಕೆಮಿಕಲ್ ಕಾರ್ಖಾನೆಗೆ ಗೋದಾಮು ಕಟ್ಟಬೇಕಿತ್ತು. ಆ ಕರಾರನ್ನು ಬಿಂದುಮಾಧವ ಜೀಪಿನ ಬಾನೆಟ್ಟಿನ ಮೇಲಿಟ್ಟು, ಓದದೆ, ಇಂದೂಗೂ ತೋರಿಸದೆ ಸಹಿ ಮಾಡಿ ಬಂದಿದ್ದ. ಪಾಯ ತೋಡುವಾಗ ಜೆಸಿಬಿಯ ಹಲ್ಲು ನೆಲದೊಳಗಿನ ಒಂದು ಕೊಳವೆಗೆ ತಾಗಿ ಅದು ಒಡೆಯಿತು. ಮಾಲೀಕರು ಕೊಟ್ಟ ನಕ್ಷೆಯಲ್ಲಿ ಆ ಕೊಳವೆ ಇರಲೇ ಇಲ್ಲ. ತಪ್ಪು ಯಾರದು ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಆದರೆ ಕರಾರಿನಲ್ಲಿ ಒಂದು ವಾಕ್ಯವಿತ್ತು: ಯಾರ ತಪ್ಪಿನಿಂದಲೇ ಆಗಲಿ, ಏನೇ ಹಾನಿಯಾದರೂ ಅದನ್ನು ಗುತ್ತಿಗೆದಾರನೇ ತುಂಬಿಕೊಡತಕ್ಕದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮನೆ ಕಟ್ಟಿಸಲೆಂದು ಇಟ್ಟುಕೊಂಡಿದ್ದ ವಾರ್ಜೆಯ ನಿವೇಶನ ಅದರಲ್ಲೇ ಹೋಯಿತು. ಇನ್ನೊಂದು ಕುರಕುಂಭ ಬಂದರೆ ಕಂಪನಿ ಉಳಿಯುವುದಿಲ್ಲ ಎಂಬುದು ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು.

ಅದಾದ ಮೇಲೆ ಇಂದೂ ರಘುರಾಮನನ್ನು ಹುಡುಕಿ ತಂದಳು. ಬೆಳಗಾವಿ ಕಡೆಯವನು. ಗುತ್ತಿಗೆದಾರರ ಕರಾರುಗಳನ್ನು ಓದಿ, ತಿದ್ದಿ, ಮಾಲೀಕರೊಡನೆ ವಾದಿಸಿ ಕೊಡುವುದೇ ಅವನ ಕಸುಬು. ಮದುವೆಯಾಗಿರಲಿಲ್ಲ. ದನಿ ಎತ್ತರಿಸಿ ಮಾತಾಡುವ ಅಭ್ಯಾಸವೂ ಇರಲಿಲ್ಲ, ಬಿಂದುಮಾಧವನಿಗೆ ಇದು ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಅಪಾಯವನ್ನು ತಡೆಯುವುದು ಯಾರ ಕೈಯಲ್ಲಿದೆಯೋ ಅದರ ಭಾರ ಅವರ ತಲೆಯ ಮೇಲೆಯೇ ಇರಬೇಕು, ಕರಾರು ಎಂದರೆ ಇಷ್ಟೇ ಎಂದು ರಘುರಾಮ ಮೊದಲ ದಿನ ಹೇಳಿದ್ದ. ಇಂದೂ ಆ ಮಾತನ್ನು ದೇವರ ಪ್ರಸಾದದಂತೆ ಇಟ್ಟುಕೊಂಡಳು. ಹಾಲು ಉಕ್ಕಿದರೂ ಅದೇ ಮಾತು. ಒಲೆಯ ಹತ್ತಿರ ನಿಂತವರ ಮೇಲೆಯೇ ಅದರ ಭಾರ ಎಂದು ಬಿಂದುಮಾಧವನಿಗೆ ಹೇಳಿ ನಗುತ್ತಿದ್ದಳು.

ಆ ನಗುವನ್ನು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಕರಾರು ಹರವಿಕೊಂಡು, ಪೆನ್ಸಿಲ್ ಹಿಡಿದು, ಒಂದೊಂದು ಪದವನ್ನೂ ತುಟಿಯಲ್ಲೇ ಓದುತ್ತ ಕೂತ ಹೆಂಡತಿಯನ್ನು ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಫೋನಿನ ಆ ಕಡೆಯಿಂದ ಏನೋ ಮಾತು ಬರುತ್ತಿತ್ತು, ಇವಳು ನಗುತ್ತಿದ್ದಳು. ನಷ್ಟ, ಹಾನಿ, ಅಪಘಾತ ಎಂದು ಮಾತಾಡುವಾಗ ನಗು ಎಲ್ಲಿಂದ ಬರಬೇಕು? ಶೇಂಗಾ ಹೋಳಿಗೆ ಮಾಡಿದ ದಿನ ಎರಡನ್ನು ಡಬ್ಬಿಗೆ ಹಾಕಿ ತೆಗೆದಿಟ್ಟಳು. ಯಾರಿಗೆ ಎಂದು ಅವನು ಕೇಳಲಿಲ್ಲ. ಕೇಳದೆಯೂ ಎದೆಯಲ್ಲಿ ಉರಿ ಎದ್ದಿತು. ತನ್ನ ಹೆಂಡತಿ ಕೆಟ್ಟವಳಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ತಾನು ಹೇಳಿದ ಮಾತನ್ನು ಅವಳು ಎಂದಾದರೂ ಹೀಗೆ ಊರೆಲ್ಲ ಹೇಳಿಕೊಂಡು ತಿರುಗಿದ್ದುಂಟೇ? ಅವನಿಗೆ ನೆನಪಾಗಲಿಲ್ಲ.

ಬಿಬವೇವಾಡಿಯ ಕೆಲಸ ಬಂದದ್ದು ಈ ಹೊತ್ತಿಗೆ. ಮಹಾಲಿಂಗ ಎಂಬವರು ಕರಾವಳಿಯವರು, ಪುಣೆಯ ಆ ಬಡಾವಣೆಯಲ್ಲಿ ಅವರದೊಂದು ಹೋಟೆಲು ಚೆನ್ನಾಗಿ ನಡೆಯುತ್ತಿತ್ತು. ಅದರ ಹಿಂದಿನ ರಸ್ತೆಯಲ್ಲಿ ಹಳೇ ಮನೆಯೊಂದನ್ನು ಕೊಂಡು, ತಾವೇ ಜನರನ್ನು ಹಚ್ಚಿ ಕೆಡವಿಸಿ, ಮೂರಂತಸ್ತಿನ ಲಾಡ್ಜಿಂಗ್ ಕಟ್ಟಿಸಲು ಹೊರಟಿದ್ದರು. ಕೆಡವಿದ ಮೇಲೆ ಪಕ್ಕದ ಹಿಟ್ಟಿನ ಗಿರಣಿಯ ಗೋಡೆ ಆಸರೆಯಿಲ್ಲದೆ ಒಂಟಿಯಾಗಿ ನಿಂತುಬಿಟ್ಟಿತ್ತು. ಗಿರಣಿ ಅಂಬಾ ಎಂಬ ಮರಾಠಿ ಹೆಂಗಸಿನದು. ಮೇಲಿನ ಕೋಣೆಗಳಲ್ಲಿ ಬಾಡಿಗೆಯ ಸಂಸಾರಗಳಿದ್ದವು.

ರಘುರಾಮ ಆ ಗೋಡೆಯನ್ನು ನೋಡಿ ಬಂದು ಕರಾರಿನಲ್ಲಿ ಎರಡು ಮಾತು ಸೇರಿಸಿದ. ಗೋಡೆಗೆ ಮಾಲೀಕರೇ ಆಸರೆ ಕಟ್ಟಿಸಿ ಜಾಗವನ್ನು ಬರೆದು ಒಪ್ಪಿಸಬೇಕು. ಅಲ್ಲಿಯವರೆಗೆ ನೆರೆಯವರಿಗೆ ಏನಾದರೂ ಮಹಾಲಿಂಗರ ಹೊಣೆ. ಗುತ್ತಿಗೆದಾರ ಜಾಗವನ್ನು ವಶಕ್ಕೆ ತೆಗೆದುಕೊಂಡ ದಿನದಿಂದ ಗುತ್ತಿಗೆದಾರನ ಹೊಣೆ, ವಿಮೆಯೂ ಅಂದಿನಿಂದಲೇ ಶುರು. ಮಹಾಲಿಂಗರು ಸುಲಭಕ್ಕೆ ಒಪ್ಪುವವರಲ್ಲ. ಒಪ್ಪಿಸಿದ್ದು ರಘುರಾಮ. ಸಹಿಯಾದ ದಿನ ಇಂದೂಳ ಅರಳಿದ ಮುಖ ನೋಡಿ ಬಿಂದುಮಾಧವನಿಗೆ ಸಂತೋಷಪಡಲೂ ಆಗಲಿಲ್ಲ.

ಆಸರೆ ಕಟ್ಟಿಸುವ ಮೊದಲೇ ಮಹಾಲಿಂಗರಿಗೆ ಭೂಮಿಪೂಜೆಯ ಅವಸರ ಹತ್ತಿತು. ಆಷಾಢ ಹೊಸ್ತಿಲಲ್ಲಿತ್ತು. ಬಿಟ್ಟರೆ ಶ್ರಾವಣದವರೆಗೆ ಕಾಯಬೇಕು. ಆದರೆ ಪೂಜೆಗೆ ದಂಪತಿ ಕೂರಬೇಕಲ್ಲ, ಅವರ ಹೆಂಡತಿ ಪಂಕಜಾಕ್ಷಿ ಮಗಳು ಶರಣ್ಯಾಳ ಬಾಣಂತನಕ್ಕೆಂದು ಮಂಗಳೂರಿಗೆ ಹೋಗಿದ್ದರು. ಬಿಂದುಮಾಧವನಿಗೆ ಫೋನು ಬಂತು.

"ನೀವು ಗಂಡಹೆಂಡ್ತಿ ಕೂತ್ರೆ ಆಯ್ತು. ನಿಮ್ಮದೇ ಜಾಗ ಅಂತ ತಿಳ್ಕೊಳ್ಳಿ ಮಾರಾಯ್ರೆ," ಎಂದರು ಮಹಾಲಿಂಗರು.

ಬಿಂದುಮಾಧವ ಒಪ್ಪಿಕೊಂಡ. ಇಂದೂ ಜತೆ ಮಣೆಯ ಮೇಲೆ ಕೂತು ಎಷ್ಟೋ ವರ್ಷಗಳಾಗಿದ್ದವು. ಅವಳ ಸೆರಗಿಗೂ ತನ್ನ ಶಲ್ಯಕ್ಕೂ ಗಂಟು ಬೀಳುವ ಕೆಲಸ ಯಾವುದೇ ಇರಲಿ, ಅದರಲ್ಲಿ ರಘುರಾಮನಿಗೆ ಜಾಗವಿಲ್ಲ. ಇದು ಅವನಿಗೆ ಬಹಳ ಹಿಡಿಸಿತು.

ಪೂಜೆಯ ದಿನ ಬೆಳಿಗ್ಗೆ ಚಹಾ ಕೊಡುತ್ತ ಇಂದೂ ಬೇಡವೆಂದಳು.

"ನಾವು ಕೂಡೂದು ಬ್ಯಾಡ್ರಿ. ಗ್ವಾಡಿಗೆ ಇನ್ನೂ ಆಸರ ಕೊಟ್ಟಿಲ್ಲ. ಕೂತು ಗುದ್ದಲಿ ಹಾಕಿದ್ರ ನಾವಽ ಜಾಗಾ ಹಿಡದಂಗ ಆಗ್ತದ. ರಘುರಾಮ ಅವರೂ ಹಂಗಽ ಅಂದ್ರು."

ನಾಲ್ಕು ಮಾತು ಹೇಳಿದ್ದಳು. ಅವನ ಕಿವಿಗೆ ಬಿದ್ದದ್ದು ಕೊನೆಯದೊಂದೇ.

"ನನ್ನ ಹೇಣ್ತಿ ನನ್ನ ಬಾಜೂಕ ಮಣಿ ಮ್ಯಾಲೆ ಕೂಡಬೇಕೋ ಬ್ಯಾಡೋ, ಅದನ್ನೂ ಅವನಽ ಹೇಳಬೇಕೇನು?"

ಇಂದೂ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದಳು. ಗೆದ್ದೆ ಎಂದುಕೊಂಡ ಬಿಂದುಮಾಧವ. ಕಾರಿನಲ್ಲಿ ಹಾಡು ಹಾಕಿದ.

ಪೂಜೆ ಮಾಡಿಸಲು ಬಂದವರು ಮಧ್ವೇಶಾಚಾರ್ಯರು. ಎಲೆ ಅಡಿಕೆ ಜೋಡಿಸುವ ನೆಪದಲ್ಲಿ ಇಂದೂ ಅವರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಆಚಾರ್ಯರು ತಲೆಯಾಡಿಸಿದರು. ದಕ್ಷಿಣೆಯ ಮಾತಿರಬೇಕೆಂದು ಬಿಂದುಮಾಧವ ಅತ್ತ ಗಮನ ಕೊಡಲಿಲ್ಲ. ಗಂಟು ಬಿತ್ತು. ನಾನು ಹೇಳಿದಂತೆ ಹೇಳಿ ಎಂದು ಆಚಾರ್ಯರು ಸಂಕಲ್ಪ ಶುರುಮಾಡಿದರು. ಮಹಾಲಿಂಗರು ಆಚೆ ಜೆಸಿಬಿಗೆ ಹಾರ ಹಾಕಿಸುತ್ತಿದ್ದರು. ಅದೇ ಹೊತ್ತಿಗೆ ಇಬ್ಬರ ನಡುವೆ ಇಟ್ಟಿದ್ದ ಇಂದೂಳ ಪರ್ಸಿನೊಳಗೆ ಫೋನು ಗುರುಗುಟ್ಟಿತು. ಬಾಯಿ ತೆರೆದ ಪರ್ಸು, ಬೆಳಗಿದ ಫೋನು, ಅದರ ಮೇಲೆ ರಘುರಾಮನ ಹೆಸರು. ಸಂಕಲ್ಪ ಮುಗಿಯುವವರೆಗೂ ಬಿಂದುಮಾಧವನ ಕಣ್ಣು ಅಲ್ಲಿಯೇ ಇತ್ತು. ನಾಲಿಗೆ ಆಚಾರ್ಯರ ಹಿಂದೆ ತನ್ನ ಪಾಡಿಗೆ ಹೋಗುತ್ತಿತ್ತು, ಏನು ಹೇಳಿದನೋ ಅವನಿಗೇ ಗೊತ್ತಿಲ್ಲ.

ಭೂಮಿಪೂಜೆಯ ಗುಂಡಿ ಈಶಾನ್ಯ ಮೂಲೆಯಲ್ಲೇ ಆಗಬೇಕು. ಆ ಜಾಗದ ಈಶಾನ್ಯ ಮೂಲೆ ಎಂದರೆ ಅಂಬಾಳ ಗಿರಣಿಯ ಗೋಡೆಯ ಬುಡ. ಆಚಾರ್ಯರು ಗುದ್ದಲಿ ಪೂಜಿಸಿ ಬಿಂದುಮಾಧವನ ಕೈಯಿಂದ ಐದು ಸಲ ನೆಲಕ್ಕೆ ಹಾಕಿಸಿದರು. ಅಷ್ಟೇ ಸಾಕಿತ್ತು. ಆದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಮಹಾಲಿಂಗರಿಗೆ ಸಾಲಲಿಲ್ಲ. ಹಾರ ಹಾಕಿಸಿಕೊಂಡು ನಿಂತ ಜೆಸಿಬಿ ಇರುವಾಗ ಕೈಗುದ್ದಲಿ ಎಂತಕ್ಕೆ ಎಂದರು. ಒಂದು ಬಕೆಟ್ ಮಣ್ಣು ತೆಗೆಸಿದರು, ಇನ್ನೂ ಸ್ವಲ್ಪ ಆಳವಾಗಲಿ ಎಂದು ಮತ್ತೆರಡು ತೆಗೆಸಿದರು. ಪಾಯದ ಕಲ್ಲು ಕೂರುವವರೆಗೆ ಗುಂಡಿ ಮುಚ್ಚಬಾರದೆಂದೂ ಹೇಳಿದರು. ಅದು ತಪ್ಪೆಂದು ಬಿಂದುಮಾಧವನಿಗೆ ನೋಡಿದ ಕೂಡಲೇ ತಿಳಿಯಿತು. ಮಣ್ಣಿನ ಜತೆ ಅವನದು ಅಷ್ಟು ವರ್ಷದ ಸಂಬಂಧ. ಆದರೆ ಗೋಡೆಯ ವಿಷಯ ತೆಗೆದರೆ ರಘುರಾಮ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಸುಮ್ಮನಿದ್ದ.

ಸುಮ್ಮನಿರಲಾರದೆ ಮಾಡಿದ ಕೆಲಸ ಒಂದಿತ್ತು. ಗಂಟು ಹಾಕಿಕೊಂಡು ಮಣೆಯ ಮೇಲೆ ಕೂತ ತಮ್ಮಿಬ್ಬರ ಫೋಟೋವನ್ನು, ಹಿಂದೆ ಕಂಪನಿಯ ಬ್ಯಾನರ್ ಕಾಣುವಂತೆ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ನೂರಾರು ಜನ ನೋಡಿದರು. ಅವನಿಗೆ ಬೇಕಿದ್ದದ್ದು ಒಬ್ಬನೇ. ಸಂಜೆಯ ಹೊತ್ತಿಗೆ ನೋಡಿದವರ ಪಟ್ಟಿಯಲ್ಲಿ ರಘುರಾಮನ ಹೆಸರು ಬಂತು, ಅಂದು ಊಟ ರುಚಿಸಿತು.

ಮರುದಿನದಿಂದಲೇ ಮಳೆ ಹಿಡಿಯಿತು. ಗುಂಡಿಯಲ್ಲಿ ನೀರು ನಿಂತು ಗೋಡೆಯ ಬುಡದ ಮಣ್ಣು ಸಡಿಲಾಯಿತು. ಒಂದು ಬೆಳಗ್ಗೆ, ಅಂಬಾ ಗಿರಣಿಯ ಬೀಗ ತೆಗೆಯಲು ಬರುವುದಕ್ಕೆ ಸ್ವಲ್ಪ ಮುಂಚೆ, ಗೋಡೆ ಒಳಗಡೆಗೆ ಮಲಗಿತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಬೀಸುವ ಯಂತ್ರಗಳು ಜಖಂ ಆದವು, ಮೇಲಿನ ಸಂಸಾರಗಳು ಪಾತ್ರೆ ಪಗಡ ಹೊತ್ತು ನೆಂಟರ ಮನೆಗೆ ಹೋದವು. ಕಟ್ಟಡದ ಆ ಭಾಗವನ್ನೇ ಬಿಚ್ಚಿ ಕಟ್ಟಬೇಕೆಂದು ಪರೀಕ್ಷೆ ಮಾಡಿದವರು ಹೇಳಿದರು. ಜಾಗ ಬರೆದು ಒಪ್ಪಿಸಿರದ ಕಾರಣ ವಿಮೆ ಇನ್ನೂ ಶುರುವಾಗಿರಲಿಲ್ಲ.

ಮಹಾಲಿಂಗರು ಆ ಫೋಟೋವನ್ನೇ ಬಿಂದುಮಾಧವನಿಗೆ ವಾಪಸು ಕಳಿಸಿದರು. ಕೆಳಗೆ ಬರೆದಿದ್ದರು: ನೀವು ಕೂತಿದ್ದೀರಿ, ನೀವು ಅಗೆದಿದ್ದೀರಿ, ಜಾಗ ಅಂದೇ ನಿಮ್ಮ ವಶಕ್ಕೆ ಬಂತು, ಕರಾರಿನ ಪ್ರಕಾರ ಇದು ನಿಮ್ಮ ಹೊಣೆ.

ಇನ್ನೊಂದು ಕುರಕುಂಭ ಬಂದಿತ್ತು, ಈ ಸಲ ಹಾರ ಹಾಕಿಕೊಂಡು. ರಘುರಾಮನಿಗೆ ಫೋನು ಮಾಡುತ್ತೇನೆ ಎಂದಳು ಇಂದೂ. ಅವನಿಗೆ ಫೋನು ಮಾಡಿದರೆ ನಾನು ಈ ಮನೆಯಲ್ಲಿ ಊಟ ಮಾಡುವುದಿಲ್ಲ ಎಂದ ಬಿಂದುಮಾಧವ. ಹಾಗಾದರೆ ನನ್ನ ಮಾತನ್ನಾದರೂ ಕೇಳಿ, ಪೂಜೆಯ ದಿನ ನಾನೊಂದು ಕೆಲಸ ಮಾಡಿದ್ದೇನೆ ಎಂದು ಅವಳು ಶುರು ಮಾಡಿದಳು. ಅವನು ಎದ್ದು ಹೋದ. ಕರಾರಿನ ಸುದ್ದಿ ಮನೆಯಲ್ಲಿ ಯಾರೂ ಎತ್ತಬಾರದೆಂದು ಬಾಗಿಲಲ್ಲಿ ನಿಂತು ಹೇಳಿದ. ಆ ಮನೆಯಲ್ಲಿ 'ಯಾರೂ' ಎಂದರೆ ಇಂದೂ ಒಬ್ಬಳೇ. ಅವಳು ಮತ್ತೆ ಎತ್ತಲಿಲ್ಲ.

ಮಹಾಲಿಂಗರೇ ಎಲ್ಲರನ್ನೂ ಕರೆಸಿದರು, ಕರಾರು ಬರೆದವನೆಂದು ರಘುರಾಮನನ್ನೂ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಹೋಟೆಲಿನ ಮಹಡಿಯ ಫ್ಯಾಮಿಲಿ ರೂಮಿನಲ್ಲಿ ನಾಲ್ವರೂ ಕೂತರು. ಕಾಫಿ ಬಂತು. ರಘುರಾಮ ಇಂದೂಳ ಎದುರು ಕೂತ. ಅವನ ಲೋಟಕ್ಕೆ ಸಕ್ಕರೆ ಬೇಡವೆಂದು ಇಂದೂ ಮಾಣಿಗೆ ಹೇಳಿದಳು. ಬಿಂದುಮಾಧವ ತನ್ನ ಕಾಫಿಯನ್ನು ಮುಟ್ಟಲಿಲ್ಲ.

ರಘುರಾಮ ಎಂದಿನಂತೆ ಮೆಲ್ಲಗೆ ವಾದಿಸಿದ. ಆಸರೆ ಕಟ್ಟಿಸದವರು, ಜಾಗ ಬರೆದು ಒಪ್ಪಿಸದವರು ಮಾಲೀಕರು, ಗುಂಡಿ ಆಳ ಮಾಡಿಸಿದವರೂ ಮಾಲೀಕರು, ಇವರನ್ನು ಪೂಜೆಗೆ ಕರೆದವರೂ ಅವರೇ. ಮಹಾಲಿಂಗರು ಜಗ್ಗಲಿಲ್ಲ. ಕರೆದದ್ದು ಹೌದು, ಆದರೆ ಕೂತವರು ಯಾರು, ಬ್ಯಾನರ್ ಯಾರದು ಎಂದರು. ಮಾತು ಅಲ್ಲೇ ಸುತ್ತತೊಡಗಿತು. ಆಗ ಇಂದೂ ಬಾಯಿ ತೆರೆದಳು.

"ಪೂಜಿ ಯಾರ ಹೆಸರೀಲೆ ಆಗೇದ ಅಂತ ಆಚಾರ್ಯರನ್ನ ಕೇಳಿಬಿಡೋಣಲ್ರಿ."

ಫೋನು ಮೇಜಿನ ಮಧ್ಯೆ ಇಟ್ಟು ಸ್ಪೀಕರ್ ಹಾಕಿದಳು. ಮಧ್ವೇಶಾಚಾರ್ಯರ ದನಿ ಕೋಣೆ ತುಂಬಿತು.

"ಯಜಮಾನರು ಮಹಾಲಿಂಗ ಅವರಽ ಅಲ್ಲೇನ್ರಿ. ಅವರ ಹೆಸರು, ನಕ್ಷತ್ರಾ ಹೇಳಿಽ ಸಂಕಲ್ಪ ಮಾಡಿಸೀನಿ. ಬಿಂದುಮಾಧವರಾಯರು ಅವರ ಪರವಾಗಿ ಕೂತಾರ, ಅಷ್ಟಽ. ಇಂದೂಬಾಯಿ ಮೊದಲಽ ಹೇಳಿದ್ರು."

ಮಹಾಲಿಂಗರ ಮುಖದ ಬಣ್ಣ ಇಳಿಯಿತು. ಅವರು ದೈವದೇವರಿಗೆ ಅಂಜುವ ಮನುಷ್ಯ. ಪೂಜೆ ತಮ್ಮದಲ್ಲ ಎಂದರೆ ಲಾಡ್ಜಿಂಗು ಇನ್ನೊಬ್ಬನ ಪೂಜೆಯ ಮೇಲೆ ನಿಂತಂತಾಯಿತು. ತಮ್ಮದೆಂದರೆ ಅಂದು ಜಾಗವೂ ತಮ್ಮ ವಶದಲ್ಲೇ ಇತ್ತು, ಗುಂಡಿಯೂ ತಮ್ಮದು, ಗೋಡೆಯೂ ತಮ್ಮದು. ಅವರು ಕನ್ನಡಕ ತೆಗೆದು ಒರೆಸಿದರು. ಅಷ್ಟು ಸಾಕಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅವರ ಬಾಯಿಂದಲೇ ಒಪ್ಪಿಗೆ ಬರುತ್ತಿತ್ತು.

ಆ ಗಳಿಗೆಯಲ್ಲಿ ರಘುರಾಮ ಇಂದೂಳನ್ನು ನೋಡಿ ನಕ್ಕ. ಮೆಚ್ಚಿಕೊಂಡ ನಗು. ಇಂದೂ ಕೂಡ ತುಸು ನಕ್ಕಳು.

ಬಿಂದುಮಾಧವನಿಗೆ ಎಲ್ಲವೂ ಒಮ್ಮೆಲೇ ಕಂಡಂತಾಯಿತು. ಆಚಾರ್ಯರ ಕಿವಿಯಲ್ಲಿ ಹೇಳಿದ್ದು, ಪರ್ಸಿನಲ್ಲಿ ಗುರುಗುಟ್ಟಿದ ಫೋನು. ತನ್ನ ಶಲ್ಯಕ್ಕೆ ಸೆರಗು ಕಟ್ಟಿಕೊಂಡು ಕೂತಾಗಲೂ ಅವಳು ರಘುರಾಮನ ಮಾತನ್ನೇ ನಡೆಸುತ್ತಿದ್ದಳು. ಮಣೆಯ ಮೇಲೆ ಕೂಡ ತಾವು ಇಬ್ಬರೇ ಇರಲಿಲ್ಲ. ಈಗ ಇವರಿಬ್ಬರೂ ಸೇರಿ ತನ್ನನ್ನು ಉಳಿಸುತ್ತಾರೆ, ತಾನು ಕೈಮುಗಿದು ಉಳಿಯಬೇಕು. ಆ ಮನುಷ್ಯನ ದಯೆಯಲ್ಲಿ ಉಳಿಯುವುದಕ್ಕಿಂತ ಗೋಡೆಯ ಕೆಳಗೆ ಸಿಕ್ಕಿ ಸಾಯುವುದೇ ಮೇಲು ಅನಿಸಿತು.

"ಸಂಕಲ್ಪ ಯಾರ ಹೆಸರೀಲೆನರೇ ಆಗಿರಲಿ. ಕೂತಾವ ನಾ. ಬ್ಯಾನರ್ ನಂದು. ಗ್ವಾಡಿ ನಾ ಕಟ್ಟಿಕೊಡ್ತೀನಿ."

ರಘುರಾಮ ಬೇಡವೆಂಬಂತೆ ಕೈ ಎತ್ತಿದ. ಆ ಕೈಯನ್ನು ನೋಡಿಯೇ ಬಿಂದುಮಾಧವ ಜೇಬಿನಿಂದ ಪೆನ್ನು ತೆಗೆದ. ಮಹಾಲಿಂಗರು ವ್ಯಾಪಾರಸ್ಥರು, ಬಂದ ಬೋಣಿಯನ್ನು ಬಿಡುವವರಲ್ಲ. ಗಲ್ಲಾದಿಂದ ಹೋಟೆಲಿನ ಹೆಸರಿದ್ದ ಕಾಗದ ತರಿಸಿದರು. ಗಿರಣಿಯ ಗೋಡೆ, ಯಂತ್ರ, ಮೇಲಿನ ಕೋಣೆಗಳು, ಎಲ್ಲ ಹಾನಿಯೂ ತನ್ನ ಕಂಪನಿಯದೆಂದು ಬಿಂದುಮಾಧವ ಸ್ವಂತ ಕೈಯಲ್ಲಿ ಬರೆದ. ಮರಾಠಿಯಲ್ಲಿ ಒಂದು ಗಾದೆಯಿದೆ, ತನ್ನ ಮೂಗು ಕೊಯ್ದುಕೊಂಡು ಇನ್ನೊಬ್ಬರಿಗೆ ಅಪಶಕುನ ಮಾಡಿದ ಎಂದು. ಅಕ್ಷರಗಳು ಮಾತ್ರ ದುಂಡಗೆ ಬಂದಿದ್ದವು.

ಸಹಿ ಒಣಗುವ ಮೊದಲೇ ಮಹಾಲಿಂಗರು ಕಾಗದವನ್ನು ಇಂದೂಳ ಕಡೆ ತಿರುಗಿಸಿದರು.

"ಪಾಲುದಾರರಲ್ಲಿ ಒಬ್ಬರು ಬರೆದ್ರೂ ಇಬ್ರಿಗೂ ಬಂತು. ಆದ್ರೂ ಅಮ್ಮನದ್ದೂ ಒಂದು ಸಹಿ ಇರ್ಲಿ."

ಇದು ಬಿಂದುಮಾಧವನಿಗೆ ಹೊಳೆದಿರಲಿಲ್ಲ. ಭಾರ ಹೊತ್ತವನು ತಾನೊಬ್ಬನೇ ಎಂದುಕೊಂಡಿದ್ದ.

ರಘುರಾಮ ಎದ್ದು ಚೀಲ ಹೆಗಲಿಗೇರಿಸಿದ. ಸಿಟ್ಟಿರಲಿಲ್ಲ, ಸೋತಂತೆ ಕಂಡ. ಬಾಗಿಲ ಹತ್ತಿರ ನಿಂತು ತಿರುಗಿದ.

"ಇಂದೂ ಅವರ, ಸಂಕಲ್ಪದ ವಿಚಾರ ನನಗ ಈಗಽ ಗೊತ್ತಾತು. ಕೂಡಬ್ಯಾಡ್ರಿ ಅಂತ ಹೇಳೂದಷ್ಟಽ ನನಗ ತಿಳಿದಿತ್ತು. ನಿಮಗ ಇದು ಹೆಂಗ ಹೊಳೀತು?"

ಇಂದೂ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹೊಳಿಯೂದೇನದರಿ ಇದರಾಗ. ಇವರು ನನ್ನ ಮಾತು ಕೇಳಲಿಲ್ಲ. ಅದಕ್ಕ ಆಚಾರ್ಯರಿಗೆ ಹೇಳಿದೆ."

ರಘುರಾಮ ಮೆಟ್ಟಿಲಿಳಿದು ಹೋದ. ಬಿಂದುಮಾಧವ ಹೆಂಡತಿಯ ಹೆಸರು ಹಿಡಿದು ಕರೆದ. ಅವಳು ಕಾಯಲಿಲ್ಲ. ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಒಂದೊಂದು ಪದವನ್ನೂ ತುಟಿಯಲ್ಲಿ ಓದದೆ ಯಾವ ಕಾಗದಕ್ಕೂ ಸಹಿ ಮಾಡದ ಇಂದೂ, ಆ ಕಾಗದವನ್ನು ಓದಲಿಲ್ಲ. ಗಂಡನ ಹೆಸರಿನ ಕೆಳಗೆ ತನ್ನ ಹೆಸರು ಬರೆದು ಮಹಾಲಿಂಗರ ಮುಂದೆ ಸರಿಸಿದಳು. ಪೆನ್ನಿಗೆ ಮುಚ್ಚಳ ಹಾಕಿ ಬಿಂದುಮಾಧವನಿಗೆ ವಾಪಸು ಕೊಟ್ಟಳು.